ಒತ್ತಡ ನಿವಾರಣಾ ಘಟಕದ ಕೇರಂ ಬೋರ್ಡು

ಬೆಳಗ್ಗೆ ಆರಕ್ಕೆ ಹಾಸ್ಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮೂರು ಪೆನ್ಸಿಲ್ ಕೆತ್ತುವುದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಬಂದು ಕೂತಿದ್ದಳು. ಕೈಯಲ್ಲಿ ಅರ್ಧ ಬ್ಲೇಡು, ಕೆಳಗೆ ಹಳೆಯ ಪತ್ರಿಕೆ. ಮೊದಲು ಗಟ್ಟಿ ಸೀಸದ್ದು, ಆಮೇಲೆ ನಡುವಿನದು, ಕೊನೆಗೆ ಮೆತ್ತನೆಯದು. ಸಿಪ್ಪೆ ಮುರಿಯದೆ ಸುರುಳಿ ಸುರುಳಿಯಾಗಿ ಬಿದ್ದರೆ ಆ ದಿನ ಕೈ ನೆಟ್ಟಗಿದೆ ಎಂದು ಲೆಕ್ಕ. ಮುರಿದರೆ ಒಂದು ಉಸಿರು ಬಿಟ್ಟು ಮತ್ತೆ ಶುರು. ಹೀಗಾಗಿ ಹಾಸ್ಟೆಲಿನಲ್ಲಿ ಅವಳ ಹೆಸರೇ ಪೆನ್ಸಿಲ್ ಎಂದಾಗಿಹೋಗಿತ್ತು.

ಬ್ಲೇಡು ಹಿಡಿಯಲು ಕಲಿಸಿದವನು ಅಪ್ಪ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವನದು. "ಕೈ ನಡುಗ್ತಿದ್ರೆ ಕತ್ತರಿ ಕೆಳಗಿಡು ಮಗಳೇ, ಬಟ್ಟೆ ಏನು ಎದ್ದು ಓಡಿಹೋಗಲ್ಲ" ಅನ್ನುತ್ತಿದ್ದ. ಈಚೆಗೆ ಅವಳ ಕೈ ನಡುಗುತ್ತಿತ್ತು. ಯಂತ್ರಗಳ ನಕ್ಷೆ ಬಿಡಿಸುವ ಡ್ರಾಯಿಂಗ್ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆಯದು. ಅದೂ ಹೋದರೆ ಕಾಲೇಜಿನ ಪಟ್ಟಿಯಿಂದ ಹೆಸರು ತೆಗೆದು ಮನೆಗೆ ಕಳಿಸುತ್ತಾರೆ. ಪರೀಕ್ಷೆಗೆ ಐದು ವಾರ ಉಳಿದಿತ್ತು.

ಅವಳೊಬ್ಬಳೇ ಅಲ್ಲ, ಆ ಪೇಪರಿನಲ್ಲಿ ಅರ್ಧ ಕ್ಲಾಸು ಮಗುಚಿತ್ತು. ಕಾರಣ ಹುಡುಕಲು ಪ್ರಿನ್ಸಿಪಾಲರು ಸಭೆ ಕರೆದರು. ಡ್ರಾಯಿಂಗ್ ಮೇಷ್ಟ್ರು ವರ್ಷದಲ್ಲಿ ಹನ್ನೊಂದು ಸಲ ಕಾಲೇಜಿಗೆ ಬಂದಿದ್ದರು, ಅದರಲ್ಲಿ ನಾಲ್ಕು ಸಲ ರಜೆ ಅರ್ಜಿ ಕೊಡಲು. ಈ ವಿಷಯ ಸಭೆಯಲ್ಲಿ ಯಾರ ಬಾಯಿಗೂ ಬರಲಿಲ್ಲ, ಯಾಕೆಂದರೆ ಮೇಷ್ಟ್ರು ಅಲ್ಲೇ ಕೂತಿದ್ದರು. ಅದು ಅವರ ಹನ್ನೆರಡನೆಯ ಬರುವಿಕೆ. ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು: ವಿದ್ಯಾರ್ಥಿಗಳಿಗೆ ಒತ್ತಡ.

ಒತ್ತಡ ನಿವಾರಣಾ ಘಟಕ ಹುಟ್ಟಿದ್ದು ಹಾಗೆ. ಅದರ ಹೊಣೆ ಆಟದ ಮೇಷ್ಟ್ರ ಹೆಗಲಿಗೆ ಬಿತ್ತು, ಅವರ ಕೊರಳಲ್ಲಿ ಸೀಟಿ ಇತ್ತೆಂಬ ಒಂದೇ ಕಾರಣಕ್ಕೆ. ಘಟಕಕ್ಕೆ ದೊಡ್ಡ ಕೋಣೆ ಬೇಕಲ್ಲ? ಇಡೀ ಕಾಲೇಜಿನಲ್ಲಿ ದೊಡ್ಡ ಕೋಣೆಯೆಂದರೆ ಡ್ರಾಯಿಂಗ್ ಹಾಲ್. ಓರೆ ಹಲಗೆಯ ಮೇಜುಗಳನ್ನೆಲ್ಲ ಒಂದರ ಮೇಲೊಂದು ಹೇರಿ ಗೋಡೆಗೆ ಒತ್ತರಿಸಿದರು. ನೆಲಕ್ಕೆ ಚಾಪೆ ಬಂತು, ಮೇಲಿಂದ ಬಲೂನು ಇಳಿಬಿತ್ತು. ದಿನಾ ಸಂಜೆ ಐದರಿಂದ ಆರು ಕಡ್ಡಾಯ ನಿರಾಳ. ಆಮೇಲೆ ಚಾಪೆ ಕಳುವಾದೀತೆಂದು ಬೀಗ. ಸಂಜೆ ಹೊತ್ತು ಹಾಲಿನಲ್ಲಿ ಕೂತು ಗೆರೆ ಎಳೆದು ಕೈ ಪಳಗಿಸಿಕೊಳ್ಳುತ್ತಿದ್ದವರಿಗೆ ಇದ್ದ ಜಾಗವೂ ಹೋಯಿತು.

ಘಟಕದಲ್ಲಿ ಮೊದಲು ಸೀಟಿ, ಆಮೇಲೆ ನಗು. "ಜೋರಾಗಿ ನಗ್ರೋ! ಹಿಂದಿನ ಸಾಲು, ಹಲ್ಲು ಕಾಣ್ತಿಲ್ಲ!" ನಕ್ಕಾದ ಮೇಲೆ ಒಂದು ಫಾರಂ: ನಿಮ್ಮ ಒತ್ತಡ ಹತ್ತಕ್ಕೆ ಎಷ್ಟು? ಪೆನ್ಸಿಲ್ ಮೊದಲ ದಿನ ಎರಡು ಎಂದು ಬರೆದಳು. ಆಟದ ಮೇಷ್ಟ್ರು ಪಕ್ಕಕ್ಕೆ ಕರೆದರು. "ಎರಡಾ? ಒಳಗೇ ಅದುಮಿಟ್ಕೊಂಡಿದ್ದೀಯ, ತುಂಬಾ ಅಪಾಯ." ಮರುದಿನ ಬೆಳಗ್ಗೆ ಅವಳಿಗೆ ನಿಜವಾಗಿಯೂ ವಾಂತಿಯಾಯಿತು, ತಿಂದದ್ದು ನಿಲ್ಲಲಿಲ್ಲ. ಸಂಜೆ ಪ್ರಾಮಾಣಿಕವಾಗಿ ಎಂಟು ಎಂದು ಬರೆದಳು. "ಎಂಟಾ? ಅಪ್ಪನಿಗೆ ಫೋನ್ ಮಾಡಿ ಕರೆಸ್ಬೇಕಾಗುತ್ತೆ ನೋಡು" ಅಂದರು. ಪಕ್ಕದ ರೂಮಿನವಳು ಆಮೇಲೆ ಕಿವಿಯಲ್ಲಿ ಗುಟ್ಟು ಹೇಳಿದಳು: "ಆರು ಬರಿಯೇ ಪೆದ್ದಿ. ಎಲ್ಲರೂ ಆರೇ ಬರೆಯೋದು. ಆರಕ್ಕೆ ಯಾರೂ ಏನೂ ಕೇಳಲ್ಲ." ಅಂದಿನಿಂದ ಕಾಲೇಜಿಗೆ ಕಾಲೇಜೇ ಆರರಲ್ಲಿ ನಿಂತಿತು.

ಅಂಗೈ ಅಗಲದ ಹಾಸ್ಟೆಲ್ ಮೇಜಿನ ಮೇಲೆ ನಕ್ಷೆಯ ಹಾಳೆ ಹಿಡಿಸುವುದಿಲ್ಲ. ನೆಲದ ಮೇಲೆ ಬರೆದರೆ ಟೈಲ್ಸಿನ ಸಂದಿಗೆ ಸಿಕ್ಕಿ ಗೆರೆ ಕುಂಟುತ್ತದೆ. ಹೀಗೆ ಪರದಾಡುತ್ತಿದ್ದಾಗ ಸಿಕ್ಕಿದವಳು ಇಸ್ತ್ರಿ ಅಕ್ಕ. ಹಾಸ್ಟೆಲಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಇಡೀ ದಿನ ಇಸ್ತ್ರಿ ಮಾಡಿ, ಸಂಜೆ ಆರಕ್ಕೆ ಗಂಟು ಹೊತ್ತು ಮನೆಮನೆಗೆ ಬಟ್ಟೆ ಮುಟ್ಟಿಸಲು ಹೋಗುವವಳು. ಮೊದಲ ಬಟ್ಟೆಗೆ ಇಸ್ತ್ರಿ ಇಡುವ ಮುಂಚೆ ಕಣ್ಣು ಮುಚ್ಚಿ ದೇವರ ಹತ್ತಿರ ಎರಡು ಮಾತಾಡುವುದು ಅವಳ ರೂಢಿ.

"ಆರರಿಂದ ಎಂಟು ಮೇಜು ಖಾಲೀನೇ ಬಿದ್ದಿರುತ್ತೆ, ಬರ್ಕೋ ತಾಯಿ" ಅಂದಳು. "ಆದ್ರೆ ಕಂಬಳಿ ಹಾಸಿದೆ, ನಿನ್ನ ಹಾಳೆ ಹಾಸಿಗೆ ಮೇಲೆ ಇಟ್ಟ ಹಾಗೆ ಕುಸಿಯುತ್ತೆ. ಕೆಳಗೆ ಏನಾದ್ರೂ ಗಟ್ಟಿದು ಇಟ್ಕೋ."

ಗಟ್ಟಿದು ಹಾಸ್ಟೆಲಿನ ಪಡಸಾಲೆಯಲ್ಲೇ ಇತ್ತು. ಘಟಕದವರು ಮನಸ್ಸು ಹಗುರಾಗಲೆಂದು ಎರಡು ಕೇರಂ ಬೋರ್ಡು ತಂದು ಗೋಡೆಗೆ ಒರಗಿಸಿದ್ದರು. ಕಾಯಿಗಳು ಕಳೆದುಹೋದಾವೆಂದು ಪ್ರಿನ್ಸಿಪಾಲರ ಬೀರುವಿನಲ್ಲಿದ್ದವು. ಬೀಗದ ಕೈ ಪ್ರಿನ್ಸಿಪಾಲರ ಜೇಬಿನಲ್ಲಿತ್ತು. ಹೀಗಾಗಿ ಆ ಬೋರ್ಡುಗಳ ಮೇಲೆ ಆಡಿದ್ದು ಜೇಡ ಮಾತ್ರ. ಪೆನ್ಸಿಲ್ ಒಂದನ್ನು ಎತ್ತಿಕೊಂಡು ಬಂದು, ಧೂಳು ಒರೆಸಿ, ಹಾಳೆಯನ್ನು ಟೇಪಿನಿಂದ ಅಂಟಿಸಿದಳು. ಬೋರ್ಡಿನ ಮರದ ಚೌಕಟ್ಟು ದಾರ ಹಿಡಿದಷ್ಟು ನೇರ. ಮೂಲೆಪಟ್ಟಿಯನ್ನು ಅದಕ್ಕೆ ಒತ್ತಿಕೊಂಡು ಜಾರಿಸಿದರೆ ಗೆರೆ ತಾನೇ ನೆಟ್ಟಗೆ ಬರುತ್ತಿತ್ತು. ರಬ್ಬರ್ ಮಾತ್ರ ಉರುಳಿ ಉರುಳಿ ಮೂಲೆಯ ಬಲೆಗೆ ಬೀಳುತ್ತಿತ್ತು.

"ಬಿತ್ತಲ್ಲ! ಕೆಂಪು ಕಾಯಿ ನಿಂದೇ" ಎಂದು ಅಕ್ಕ ಗಂಟು ಕಟ್ಟುತ್ತಲೇ ನಗುತ್ತಿದ್ದಳು. ಆ ನಗುವಿಗೆ ಸೀಟಿ ಬೇಕಿರಲಿಲ್ಲ. ಅಕ್ಕ ಫಾರಂ ಕೊಡಲಿಲ್ಲ, "ಬೆಳಗ್ಗೆ ತಿಂದಿದ್ದು ಒಳಗೆ ನಿಂತ್ಕೊಳ್ತಾ?" ಎಂದು ಮಾತ್ರ ದಿನಾ ಕೇಳುತ್ತಿದ್ದಳು. ನಾಲ್ಕನೆಯ ವಾರ ಪೆನ್ಸಿಲ್ "ಹೂಂ ಅಕ್ಕ" ಅಂದಳು. ಒಂದೊಂದು ಸಂಜೆಗೆ ಒಂದೊಂದು ಹಾಳೆಯಂತೆ ಇಪ್ಪತ್ತೆರಡು ನಕ್ಷೆ ಮುಗಿದಿದ್ದವು. ಬೆಳಗಿನ ಸಿಪ್ಪೆಯೂ ಈಗ ಮುರಿಯುತ್ತಿರಲಿಲ್ಲ.

ಪರೀಕ್ಷೆ ಸೋಮವಾರ. ಹಿಂದಿನ ಶುಕ್ರವಾರ ಆಟದ ಮೇಷ್ಟ್ರು ಇಸ್ತ್ರಿ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಮಾರನೆಯ ವಾರ ಮೇಲಿನವರು ಘಟಕದ ತಪಾಸಣೆಗೆ ಬರುವವರಿದ್ದರು. ಎರಡು ಬೋರ್ಡಿನಲ್ಲಿ ಒಂದು ಕಾಣೆಯಾಗಿತ್ತು.

"ಸಿಕ್ಕಿಬಿದ್ಯಾ! ಇಡೀ ಹಾಸ್ಟೆಲಿನ ಸಂತೋಷ ಕದ್ದು ತಂದು ಇಲ್ಲಿ ಇಟ್ಕೊಂಡಿದ್ದೀಯಲ್ಲ!"

"ಕಾಯಿ ಬೀರುವಲ್ಲಿದ್ರೆ ಸಂತೋಷ ಎಲ್ಲಿಂದ ಬರ್ಬೇಕು ಸಾರ್?" ಎಂದು ಗಂಟು ಕಟ್ಟುತ್ತಿದ್ದ ಅಕ್ಕ ಮೂಲೆಯಿಂದ ಕೇಳಿದಳು.

"ನೀನು ಇಸ್ತ್ರಿ ನೋಡ್ಕೊಳಮ್ಮ" ಎಂದವರು ಹಾಳೆಯ ಮೇಲೆ ಬಗ್ಗಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು. ದನಿ ಮೆತ್ತಗಾಯಿತು. "ನೋಡು ಮಗು, ನಂಗೂ ಒಂದು ಪೀಕಲಾಟ ಇದೆ. ಬರೋರು ಕೇಳ್ತಾರೆ, ತೀವ್ರ ಒತ್ತಡ ಇದ್ದೋರು ಎಷ್ಟು ಜನ ಅಂತ. ನೂರಾ ನಲ್ವತ್ತು ಫಾರಮ್ಮು, ಎಲ್ಲದ್ರಲ್ಲೂ ಆರು! ಹೇಗೆ ತೋರಿಸ್ಲಿ? ನೀನು ಒಂಬತ್ತು ಅಂತ ಬರೆದು ಸಹಿ ಹಾಕು. ಬೋರ್ಡಿನ ವಿಷಯ ಇಲ್ಲಿಗೇ ಬಿಟ್ಟೆ. ಪರೀಕ್ಷೆ ಬರೆಯೋ ಸ್ಥಿತೀಲಿಲ್ಲ ಅಂತ ನಾನೇ ಪತ್ರ ಕೊಡ್ತೀನಿ. ಸೋಮವಾರ ನೀನು ಕೂರೋದೇ ಬೇಡ. ಮೂರನೇ ಸಲ ಅಂತ ಲೆಕ್ಕಕ್ಕೂ ಬರಲ್ಲ. ಮುಂದಿನ ವರ್ಷ ಆರಾಮಾಗಿ ಬರಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಫಾರಂ ಮತ್ತು ಪೆನ್ನನ್ನು ನಕ್ಷೆಯ ಮೇಲೇ ಇಟ್ಟರು.

ಪೆನ್ಸಿಲ್‌ಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಒಂದು ವರ್ಷ! ಅವಳು ಪೆನ್ನಿನತ್ತ ಕೈ ಚಾಚಿದಳು. ಚಾಚಿದ ಕೈಯನ್ನು ತಾನೇ ನೋಡಿದಳು. ಕೈ ನಡುಗುತ್ತಿರಲಿಲ್ಲ.

ಪೆನ್ನನ್ನು ಎತ್ತಿ ಮೇಷ್ಟ್ರ ಅಂಗಿಯ ಜೇಬಿಗೆ ಸಿಕ್ಕಿಸಿದಳು. ಆಮೇಲೆ ಹಾಳೆಯ ನಾಲ್ಕೂ ಮೂಲೆಯ ಟೇಪು ಬಿಡಿಸಿ ಬೋರ್ಡನ್ನು ಅವರ ಕಡೆ ಸರಿಸಿದಳು.

"ಬೋರ್ಡು ತಗೊಂಡ್ಹೋಗಿ ಸಾರ್. ಬೇಕಾದ್ರೆ ದೂರೂ ಕೊಡಿ. ಪತ್ರ ಬೇಡ."

"ಹುಚ್ಚಾ ನಿಂಗೆ? ಫೇಲಾದ್ರೆ ಮನೆಗೆ ಹೋಗ್ತೀಯ!"

"ಹೋಗ್ತೀನಿ. ಆದ್ರೆ ಈ ಪರೀಕ್ಷೆ ಭಯಾನ ಹೊಟ್ಟೇಲಿ ಇಟ್ಕೊಂಡು ಇನ್ನೊಂದು ವರ್ಷ ಓಡಾಡೋಕೆ ನನ್ನ ಕೈಲಾಗಲ್ಲ. ಸೋಮವಾರ ಮೂರು ಗಂಟೆ ಕೂತು ಮುಗಿಸ್ತೀನಿ."

"ಅಯ್ಯೋ, ಹಾಗಾದ್ರೆ ನನ್ನ ತಪಾಸಣೆಗೆ ಏನಮ್ಮ ಗತಿ?"

"ನೀವೇ ಒಂಬತ್ತು ಅಂತ ಬರ್ಕೊಳ್ಳಿ ಸಾರ್," ಅಂದಳು ಪೆನ್ಸಿಲ್, ಖಾಲಿ ಫಾರಂ ಅವರ ಕೈಗೆ ಕೊಡುತ್ತ. "ನಿಜವಾಗಿ ಇರೋರು ನೀವೊಬ್ರೇ."