ತೆರಿಗೆಯಿಲ್ಲದ ಊರಿನ ತೆರಿಗೆ ತಜ್ಞ

ಮಾನ್ಯ ಮಹಾಜನಗಳೇ, ಇಂದು ಮಧ್ಯಾಹ್ನ ಈ ಕೊಲ್ಲಿ ದೇಶದ ಅಲ್ ಮನ್ಸೂರಾ ಬಡಾವಣೆಯ ಹೋಟೆಲಿನಲ್ಲಿ ನಾನು ತೆರಿಗೆ ತಜ್ಞನ ಪದವಿ ಸ್ವೀಕರಿಸಿದೆ, ಊಟ ಮುಗಿಯುವ ಮೊದಲೇ ಕಳೆದುಕೊಂಡೆ.

ಜೊತೆಗೆ ಊಟಕ್ಕೆ ಬಂದಿದ್ದ ನಮ್ಮ ಆಫೀಸಿನವರಲ್ಲಿ ಲೀನಕ್ಕ ಉಡುಪಿಯವರು. ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಅವರ ಬಡ್ತಿ ಬೇರೆಯವರ ಪಾಲಾಗಿತ್ತು. ಕೇಸು ಹಾಕಬೇಕೆಂದಿದ್ದಾರೆ, ಆದರೆ ವಕೀಲರ ಫೀಸಿನದೇ ಚಿಂತೆ.

ಬೇರಾವುದೋ ದೇಶದ ತೆರಿಗೆ ನಿಯಮವನ್ನು ಎಲ್ಲೋ ಓದಿದ್ದ ಧೈರ್ಯದಲ್ಲಿ ನಾನು ಗಂಟಲು ಸರಿಪಡಿಸಿಕೊಂಡೆ. "ಚಿಂತೆ ಬೇಡ ಅಕ್ಕ. ಉದ್ಯೋಗ ತಾರತಮ್ಯದ ಕೇಸಾದರೆ ವಕೀಲರ ಫೀಸನ್ನು ಆದಾಯ ತೆರಿಗೆಯಲ್ಲಿ ಪೂರ್ತಿ ಕಳೆಯಬಹುದು."

"ಹೌದಾ?" ಅಕ್ಕನ ಮುಖ ಅರಳಿತು. ಮರುಕ್ಷಣವೇ, "ಎಂತ ಮಾರಾಯ, ಇಲ್ಲಿ ನಮ್ಮ ಸಂಬಳಕ್ಕೆ ತೆರಿಗೆಯೇ ಇಲ್ವಲ್ಲ. ಯಾವುದರಲ್ಲಿ ಕಳೆಯುವುದು?"

ಟೇಬಲ್ಲಿನವರೆಲ್ಲ ನಕ್ಕರು, ಅಕ್ಕನೂ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ಬಾಣಂತಿಗೆ ಬಡ್ತಿ ಯಾಕೆ ಅಂತ ಮ್ಯಾನೇಜರ್ ಹೇಳುವಾಗ ನೀನು ಪಕ್ಕದಲ್ಲೇ ಇದ್ದೆಯಲ್ಲ. ಸಾಕ್ಷಿ ಹೇಳ್ತೀಯಾ?"

ನನ್ನ ವೀಸಾ ನವೀಕರಣಕ್ಕೆ ಒಪ್ಪಿಗೆ ಕೊಡುವವರೂ ಅದೇ ಮ್ಯಾನೇಜರ್. ನಾನು ತಟ್ಟೆಯ ಬಂಗುಡೆ ಮೀನಿನ ಮುಳ್ಳು ಬಿಡಿಸುವ ಘನಕಾರ್ಯದಲ್ಲಿ ಮಗ್ನನಾದೆ.

"ಆಯ್ತು, ಖಲಾಸ್, ಊಟ ಮಾಡು" ಎಂದ ಅಕ್ಕ ತಮ್ಮ ಪಾಲಿನ ಬಂಗುಡೆಯನ್ನೂ ನನ್ನ ತಟ್ಟೆಗೇ ಹಾಕಿದರು.

ತಜ್ಞನಾಗಿ ಹೇಳುತ್ತೇನೆ: ಸುಮ್ಮನಿದ್ದುದಕ್ಕೂ ಈ ದೇಶದಲ್ಲಿ ತೆರಿಗೆಯಿಲ್ಲ. ಆ ಎರಡನೆಯ ಬಂಗುಡೆ ಮಾತ್ರ ತಟ್ಟೆಯಲ್ಲೇ ಉಳಿಯಿತು.