ನಿಂಬೆಹಣ್ಣು ತುಳಿಯದ ಗಾಡಿ

ಸ್ನೇಹಿತರೇ, ಇವತ್ತು ಜಯನಗರದ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಆಯುಧಪೂಜೆ. ಕಂಪ್ಯೂಟರ್ ಸಾರ್ ಹೇಳಿಕೊಟ್ಟ ಪಾಠ ಕಲಿತು, ಏಳನೇ ಕ್ಲಾಸಿನ ವಿನುತಾ ಅಂಗೈಯಗಲದ ಗಾಡಿಯೊಂದಕ್ಕೆ ತಾನೇ ಪ್ರೋಗ್ರಾಂ ಬರೆದಿದ್ದಾಳೆ. ಲ್ಯಾಬ್ ಗುಡಿಸುವ ನಾನು ಅದಕ್ಕೆ ಕುಂಕುಮ ಹಚ್ಚಿ, ಮುಂದೆ ನಿಂಬೆಹಣ್ಣು ಇಟ್ಟೆ.

ಗುಂಡಿ ಒತ್ತಿದಳು. ಗಾಡಿ ಮುಂದೆ ಹೋಗಿ, ಹಣ್ಣು ತಗುಲಿದ ಕೂಡಲೇ ಹಿಂದಕ್ಕೆ ಬಂತು. ಮತ್ತೆ ಒತ್ತಿದರೂ ಅದೇ ಕಥೆ.

“ಇದು ಓಡಲ್ಲಮ್ಮ. ಪೂಜೆಗೆ ಬರೋ ಪೇರೆಂಟ್ಸ್ ಮುಂದೆ ತೋರಿಸೋದು ಬೇಡ ಬಿಡು,” ಎಂದರು ಹೆಡ್ ಮಿಸ್.

ವಿನುತಾಳ ಕಣ್ಣು ತುಂಬಿತು. “ಮಿಸ್, ಅಡ್ಡ ಏನಾದ್ರೂ ತಗುಲಿದ್ರೆ ಹಿಂದೆ ಹೋಗು ಅಂತ ನಾನೇ ಬರ್ದಿರೋದು. ಅದು ನನ್ ಮಾತು ಕೇಳ್ತಿದೆ ಅಷ್ಟೇ!”

ಮಿಸ್ ತಮ್ಮ ಚಪ್ಪಲಿಯನ್ನೇ ಗಾಡಿಗೆ ಅಡ್ಡ ಇಟ್ಟು ನೋಡಿದರು. ಅದು ಮರ್ಯಾದೆಯಾಗಿ ಹಿಂದೆ ಸರಿಯಿತು. ಅವರಿಗೇ ನಗು ಬಂತು. “ಸರಿ, ತೋರಿಸು. ಆದ್ರೆ ನಿಂಬೆಹಣ್ಣು?”

“ಮಂಜಕ್ಕ, ನೀವೇ ತುಳಿದ್ಬಿಡಿ!” ಎಂದು ಮಕ್ಕಳೆಲ್ಲ ಕೂಗಿದರು. ನಾಚಿಕೊಂಡೇ ತುಳಿದೆ.

ದಿನಾ ಬನಶಂಕರಿಯಲ್ಲಿ ರಸ್ತೆ ದಾಟುವವಳು ನಾನು. ಅಡ್ಡ ಬಂದವರಿಗೆ ದಾರಿ ಬಿಡುವ ಗಾಡಿಯನ್ನು ಇವತ್ತೇ ಮೊದಲು ನೋಡಿದ್ದು.