ಹೊಸ ಪುಸ್ತಕದಲ್ಲಿ ಜಾಗವಿಲ್ಲದ ಸಾಲು

ನಮ್ಮ ಜಿಲ್ಲೆ ಮುಂಬಯಿ ಸರಕಾರದಿಂದ ಮೈಸೂರಿಗೆ ಸೇರಿದ ಮೇಲೆ ಕಚೇರಿಯಲ್ಲಿ ಒಂದು ಫಜೀತಿ ಎದ್ದಿತು. ಜಮೀನಿನ ಹಳೆಯ ಪುಸ್ತಕಗಳಲ್ಲಿ ಕೆಲವನ್ನು ಹಿಂದಿನ ಗುಮಾಸ್ತರು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ಬರೆದಿಟ್ಟಿದ್ದರು. ಮೈಸೂರು ಕಡೆಯಿಂದ ಬಂದ ಹೆಡ್ ಗುಮಾಸ್ತರು ಮೊದಲ ಪುಟ ನೋಡಿಯೇ ಕೈಮುಗಿದರು. "ಇರುವೆ ಮಸಿಯಲ್ಲಿ ಬಿದ್ದು ಓಡಾಡಿದ ಹಾಗಿದೆಯಲ್ರೀ ಇದು!" ಮೋಡಿ ಬಲ್ಲ ಹಿರಿಯರೆಲ್ಲ ನಿವೃತ್ತರಾಗಿದ್ದರು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಅಜ್ಜನಿಂದ ಅಷ್ಟಿಷ್ಟು ಮೋಡಿ ಕಲಿತಿದ್ದ ನಾನೇ ಪಂಡಿತನಾದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಜಂಬ ಮಾತ್ರ ಆಗಲೇ ಕಾಯಂ ಆಗಿತ್ತು.

ಕೆಲಸದ ರೀತಿ ಹೀಗೆ. ನಾನು ಹಳೆಯದನ್ನು ಓದಿ ಕನ್ನಡದಲ್ಲಿ ಹೇಳಬೇಕು, ಹೆಡ್ ಗುಮಾಸ್ತರು ಹೊಸ ನಮೂನೆಯಲ್ಲಿ ಬರೆಯಬೇಕು. ತೊಡಕು ಲಿಪಿಯದಷ್ಟೇ ಆಗಿರಲಿಲ್ಲ. ಹಳೆಯ ಪುಸ್ತಕದ ಅಂಚಿನಲ್ಲಿ ಷರಾ ಬರೆಯಲು ಧಾರಾಳ ಜಾಗವಿತ್ತು. ಯಾರು ಯಾರ ಹೊಲದಲ್ಲಿ ಹಾದುಹೋಗಬಹುದು, ಯಾವ ಬಾವಿಯ ನೀರು ಯಾರಿಗೆ, ಎಲ್ಲ ಅಲ್ಲಿತ್ತು. ನಮಗೆ ಬಂದ ಹೊಸ ನಮೂನೆಯಲ್ಲಿ ಅದಕ್ಕೆ ಮನೆಯೇ ಇರಲಿಲ್ಲ. "ಚೀಟಿ ಬರೆದು ಗಂಜಿ ಹಚ್ಚಿ ಅಂಟಿಸೋಣ, ಒಂದೂ ಬಿಡಬೇಡಿ" ಎಂದರು ಅವರು. ಸಿದ್ದಾಪುರ ತಾಲೂಕಿನ ಪುಸ್ತಕಗಳಿಗೆ ಹಾಗೇ ಮಾಡಿದೆವು. ಶಿರಸಿ ತಾಲೂಕಿನವಕ್ಕೆ ಬರುವಷ್ಟರಲ್ಲಿ ನನಗೆ ದಿನಕ್ಕೆ ಇಷ್ಟು ಪುಟ ಮುಗಿಸಿದೆ ಎಂದು ಸಾಹೇಬರ ಮುಂದೆ ಹೇಳಿಕೊಳ್ಳುವ ಚಟ ಹತ್ತಿತ್ತು. ಷರಾ ಬಂದರೆ ಕೆಲವನ್ನು ಓದದೆ ಮುಂದಿನ ಸಾಲಿಗೆ ಜಾರುತ್ತಿದ್ದೆ. ಹೆಡ್ ಗುಮಾಸ್ತರಿಗೆ ಗೊತ್ತಾಗುವ ಹಾಗಿರಲಿಲ್ಲ. ಅವರು ನನ್ನ ಬಾಯಿಯನ್ನು ನಂಬಿ ಬರೆಯುತ್ತಿದ್ದರು.

ಕೆಲಸ ಮುಗಿದ ವರ್ಷವೇ ಬನವಾಸಿ ಕಡೆಯ ಒಬ್ಬ ಕುಂಬಾರ ಹೆಂಗಸು ಕಚೇರಿಗೆ ಬಂದಳು. ಕಂಕುಳಲ್ಲಿ ಹುಲ್ಲು ಸುತ್ತಿದ ಒಂದು ಗಡಿಗೆ.

"ಕೆರಿ ಕೆಳಗಿನ ಗದ್ದಿ ಮೂಲ್ಯಾಗ ನಮ್ಮ ಮಾವನ ಕಾಲದಿಂದ ಮಣ್ಣ ತಗೀತೇವ್ರಿ" ಎಂದಳು. "ಈಗ ಗದ್ದಿ ಕೊಂಡಾವ್ರು ಕಾಲಿಡಬ್ಯಾಡ ಅಂತಾರ. ಹಳೇ ಬುಕ್ಕಿನ್ಯಾಗ ಬರದೈತಿ ಅಂತ ಮಾವ ಹೇಳ್ತಿದ್ರು. ಬರದಿದ್ದು ತೋರಿಸು, ಬಿಡ್ತೇನಿ ಅಂದಾರ್ರಿ. ಬ್ಯಾರೆ ಮಣ್ಣಿನ ಗಡಿಗಿ ಆವಿಗ್ಯಾಗ ಸುಡೂವಾಗ ಬಿರೀತಾವ್ರಿ."

ಹೆಡ್ ಗುಮಾಸ್ತರು ಹೊಸ ಪುಸ್ತಕ ತೆಗೆದರು. ಚೀಟಿ ಇರಲಿಲ್ಲ. "ಹಳೇದನ್ನೂ ಒಂದ್ಸಲ ನೋಡಿಬಿಡ್ರೀ" ಎಂದು ನನಗೆ ಹೇಳಿದರು.

ಕೆಂಪು ಬಟ್ಟೆಯ ಗಂಟು ಬಿಚ್ಚಿ ಪುಟ ಹುಡುಕಿದೆ. ಅಂಚಿನಲ್ಲಿ ಇತ್ತು. ಸುಗ್ಗಿಯ ನಂತರ ಗದ್ದೆಯ ಮೂಡಣ ಮೂಲೆಯಲ್ಲಿ ಮಣ್ಣು ತೆಗೆಯುವ ಹಕ್ಕು ಕುಂಬಾರ ಮನೆತನಕ್ಕೆ, ವಂಶಪಾರಂಪರ್ಯವಾಗಿ. ನನ್ನ ಬೆರಳು ಆ ಸಾಲಿನ ಮೇಲೇ ಇತ್ತು. ಅವಳು ಬಗ್ಗಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಇದೆ ಎಂದರೆ, ಹೊಸದರಲ್ಲಿ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಏಳುತ್ತಿತ್ತು. ಇದೊಂದೇ ಅಲ್ಲ, ಜಾರಿಸಿದ್ದೆಲ್ಲ ಹೊರಗೆ ಬೀಳುತ್ತಿತ್ತು. ಕಾಯಂ ಆಗುವ ಕಾಗದ ಸಾಹೇಬರ ಮೇಜಿನ ಮೇಲಿತ್ತು.

"ಏನೂ ಇಲ್ಲ" ಎಂದೆ.

ಅವಳು ಜಗಳವಾಡಲಿಲ್ಲ. "ಮಾವಗ ವಯಸ್ಸಾಗಿತ್ರಿ, ಏನೋ ನೆನಪ ತಪ್ಪಿ ಹೇಳಿರಬೇಕು" ಎಂದು ಸತ್ತ ಮುದುಕನ ಮೇಲೆ ತಪ್ಪು ಹಾಕಿದಳು. ಹೋಗುವಾಗ ಗಡಿಗೆಯನ್ನು ನನ್ನ ಮೇಜಿನ ಪಕ್ಕ ಇಟ್ಟಳು. ಬೇಡವೆಂದೆ. "ನಮ್ಮ ಸಲುವಾಗಿ ಇಷ್ಟು ಹುಡುಕಿದ್ರಿ, ಇರಲಿ ತಗೋರಿ" ಎಂದಳು.

ಹಳೆಯ ಪುಸ್ತಕಗಳು ಆಮೇಲೂ ನಾಲ್ಕು ದಿನ ನಮ್ಮಲ್ಲೇ ಇದ್ದವು. ಒಂದು ಚೀಟಿ ಬರೆದು ಅಂಟಿಸಲು ನಾಲ್ಕು ನಿಮಿಷ ಸಾಕಿತ್ತು. ಐದನೆಯ ದಿನ ಲಾರಿ ಬಂದು ಅವನ್ನು ಕಾರವಾರದ ಉಗ್ರಾಣಕ್ಕೆ ಹೊತ್ತೊಯ್ದಿತು. ನಾನು ನಿಂತು ಗಂಟು ಎಣಿಸಿ ರಸೀದಿಗೆ ಸಹಿ ಹಾಕಿದೆ. ಎದೆ ಹಗುರಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಅದೇ. ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ.

ಯಾರೋ ಕುಂಬಾರ ಹೆಂಗಸು ಕೊಟ್ಟಳೆಂದು ನಾನು ಮನೆಗೆ ತಂದಿದ್ದ ಆ ಗಡಿಗೆಯಲ್ಲಿ ತಾಯಿ, ನಮ್ಮ ಆಯಿ, ಹಾಲಿಗೆ ಹೆಪ್ಪು ಹಾಕತೊಡಗಿದ್ದಳು. ನಾನು ಕಾಯಂ ಆದ ದಿನ ಊಟಕ್ಕೆ ಕೂತಾಗ ಗಡಿಗೆಯನ್ನು ನನ್ನ ಮುಂದೆ ಓರೆ ಮಾಡಿ ಹಿಡಿದಳು. ಮೊಸರು ಅಲುಗಲಿಲ್ಲ.

"ಎಷ್ಟ್ ಗಟ್ಟಿ ಆಜು ನೋಡು ತಮಾ, ಮಣ್ಣು ಚಲೋ ಇದ್ದು" ಎಂದಳು. "ಅದೇ ಹೆಂಗ್ಸಿನತ್ರ ಇನ್ನೆರಡು ತಗಂಬಾ."

ಆಗಲಿ ಎಂದೆ.